ವಿಂಡೋಸ್ 10ಕ್ಕೆ ಬೆಂಬಲ ನಿಂತಿದೆ. ಚೆನ್ನಾಗಿ ನಡೆಯುತ್ತಿರುವ ಹಳೆಯ ಕಂಪ್ಯೂಟರನ್ನು ಏನು ಮಾಡಲಿ?

ನಿಮ್ಮ ಕಂಪ್ಯೂಟರಿಗೆ ಎಂಟು ವರ್ಷವಾಗಿದೆ, ತೊಂದರೆಯಿಲ್ಲದೆ ನಡೆಯುತ್ತಿದೆ, ಆದರೆ ವಿಂಡೋಸ್ 11ಕ್ಕೆ ಅದು ಅರ್ಹವಲ್ಲವೆಂಬ ಸಂದೇಶ ಬರುತ್ತಿದೆ. ಒಳ್ಳೆಯ ಆಂಟಿವೈರಸ್ ಹಾಕಿಕೊಂಡು ಹಾಗೆಯೇ ಮುಂದುವರಿಯಬಹುದೇ, ಇಲ್ಲವೇ ಹೊಸದನ್ನು ಕೊಳ್ಳಬೇಕೇ ಎಂದು ಕೇಳಿದ್ದೀರಿ. ಹಾಗೆಯೇ ಮುಂದುವರಿಯುವುದು ಬೇಡ, ಹೊಸದನ್ನು ಕೊಳ್ಳಲೇಬೇಕೆಂದೂ ಇಲ್ಲ ಎಂಬುದು ನನ್ನ ಉತ್ತರ.

2015ರ ಜುಲೈನಲ್ಲಿ ಬಿಡುಗಡೆಯಾದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ಆ ದಿನದಿಂದ ಕಂಪ್ಯೂಟರಿನಲ್ಲಿ ಏನೂ ಕೆಡುವುದಿಲ್ಲ. ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ಉಚಿತವಾಗಿ, ತಾನಾಗಿಯೇ ಬರುತ್ತಿದ್ದ ತಿದ್ದುಪಡಿಗಳು ಮಾತ್ರ ನಿಲ್ಲುತ್ತವೆ. ಇದರ ಅಪಾಯ ಮೇಲ್ನೋಟಕ್ಕೆ ಕಾಣುವುದಕ್ಕಿಂತ ದೊಡ್ಡದು. ವಿಂಡೋಸ್ 10 ಮತ್ತು 11ರ ಒಳಗಿನ ಕೋಡು ಬಹುಮಟ್ಟಿಗೆ ಒಂದೇ ಮೂಲದ್ದು. ಪ್ರತಿ ತಿಂಗಳ ಎರಡನೆಯ ಮಂಗಳವಾರ 11ಕ್ಕೆ ತಿದ್ದುಪಡಿಗಳು ಬಂದಾಗ, ತಿದ್ದುವ ಮುಂಚಿನ ಕಡತವನ್ನೂ ತಿದ್ದಿದ ನಂತರದ ಕಡತವನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದರೆ ದೋಷ ಎಲ್ಲಿತ್ತು ಎಂಬುದು ತಿಳಿದುಬಿಡುತ್ತದೆ, ಮತ್ತು ಹೀಗೆ ಹೋಲಿಸುವುದು ದಾಳಿಕೋರರಿಗೆ ರೂಢಿಯ ಕೆಲಸ. ಅದೇ ದೋಷ 10ರಲ್ಲೂ ಇದ್ದರೆ ಅದು ತೆರೆದೇ ಇರುತ್ತದೆ, ಹಾಗೆ ತೆರೆದಿರುವ ಜಾಗ ಎಲ್ಲರಿಗೂ ಗೊತ್ತಾಗಿರುತ್ತದೆ.

ಆಂಟಿವೈರಸ್ ಈ ದೋಷವನ್ನು ಮುಚ್ಚಲಾರದು. ಒಳಗೆ ಬಂದದ್ದನ್ನು, ಅದೂ ಗುರುತು ಸಿಕ್ಕಿದರೆ, ಹಿಡಿಯುವುದಷ್ಟೇ ಅದರ ಕೆಲಸ. 2017ರ ಮೇ 12ರಂದು ಹಬ್ಬಿದ, ಕಡತಗಳಿಗೆ ಬೀಗ ಹಾಕಿ ಹಣ ಕೇಳುತ್ತಿದ್ದ ವಾನಾಕ್ರೈ ದಾಳಿಯನ್ನು ನೆನಪಿಸಿಕೊಳ್ಳಿ: ಬಳಕೆದಾರರು ಏನನ್ನೂ ಕ್ಲಿಕ್ ಮಾಡಬೇಕಾಗಿರಲಿಲ್ಲ, ಅದು ಕಡತ ಹಂಚಿಕೆಯ ವ್ಯವಸ್ಥೆಯಲ್ಲಿದ್ದ ದೋಷವೊಂದರ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ಹರಡಿತು. ಬೆಂಬಲವಿದ್ದ ವಿಂಡೋಸ್‌ಗಳಿಗೆ ತಿದ್ದುಪಡಿ ಮಾರ್ಚ್ 14ರಂದೇ ಬಂದಿತ್ತು, ಹಾಕಿಕೊಂಡವರು ಬಚಾವಾದರು. 2014ರಲ್ಲಿ ಬೆಂಬಲ ಮುಗಿದಿದ್ದ ಹಳೆಯ ವಿಂಡೋಸ್ ಎಕ್ಸ್‌ಪಿಗೆ ಅದನ್ನು ಎಲ್ಲರಿಗೂ ಕೊಟ್ಟದ್ದು ದಾಳಿ ಹಬ್ಬಿದ ಮೇಲೆ, ಅಪವಾದವೆಂಬಂತೆ.

ಮುಂದೆ ಏನೇ ನಿರ್ಧರಿಸಿದರೂ ಮೊದಲು ಬ್ಯಾಕಪ್ ಮಾಡಿಕೊಳ್ಳಿ. ಬೇರೆಯೇ ಒಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಆ ಕಡತಗಳು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆಯುತ್ತವೆಯೇ ಎಂದು ನೋಡದೆ ಬ್ಯಾಕಪ್ ಆಯಿತೆಂದು ನಂಬಬೇಡಿ. ನಾನು ಒಮ್ಮೆ ದಾಖಲೆಗಳ ಫೋಲ್ಡರನ್ನಷ್ಟೇ ನಕಲು ಮಾಡಿ ಡಿಸ್ಕ್ ಅಳಿಸಿದೆ. ಮೇಲ್ ತಂತ್ರಾಂಶ ತನ್ನ ಸಂದೇಶಗಳನ್ನು ಬೇರೆಡೆ ಇಟ್ಟಿತ್ತು, ಹಲವು ವರ್ಷಗಳ ಪತ್ರಗಳು ಹೋದವು. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಮರೆಯಬೇಡಿ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸ್‌ನದೇ ಬೀಗ ಇದ್ದರೆ ಅದರ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ, ಏಕೆಂದರೆ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಚಾಲೂ ಆಗುವ, ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿರುವ ಜಾಗದಲ್ಲಿ) ಸಣ್ಣ ಬದಲಾವಣೆ ಮಾಡಿದರೂ ಕಂಪ್ಯೂಟರು ಅದನ್ನು ಕೇಳಬಹುದು.

ಆಮೇಲೆ, ‘ಅರ್ಹವಲ್ಲ’ ಎಂಬ ಸಂದೇಶಕ್ಕೆ ಕಾರಣವೇನೆಂದು ನೋಡಿ. ವಿಂಡೋಸ್ 11 ಕೇಳುವ ಭದ್ರತಾ ಘಟಕವಾದ ಟಿಪಿಎಂ 2.0 ಇಲ್ಲವೆಂದು ಹೇಳುತ್ತಿದ್ದರೆ, ಎಷ್ಟೋ ಸಲ ಅದು ಇದ್ದೂ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ. ಇಂಟೆಲ್ ಪ್ರೊಸೆಸರಿದ್ದರೆ ಪಿಟಿಟಿ, ಎಎಂಡಿ ಪ್ರೊಸೆಸರಿದ್ದರೆ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಹುಡುಕಿ ಆನ್ ಮಾಡಬಹುದು. ಪ್ರೊಸೆಸರೇ ಹಳೆಯದಾದರೆ, ಅಂದರೆ ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನದಾದರೆ, ಕೆಲವೇ ಅಪವಾದಗಳನ್ನು ಬಿಟ್ಟು ದಾರಿಯಿಲ್ಲ. ತಪಾಸಣೆಯನ್ನು ತಪ್ಪಿಸಿ 11 ಹಾಕುವ ಉಪಾಯಗಳಿವೆ, ಆದರೆ ಅಂಥ ಕಂಪ್ಯೂಟರುಗಳಿಗೆ ಅಪ್‌ಡೇಟ್ ಬರುವ ಖಾತರಿಯಿಲ್ಲವೆಂದು ಮೈಕ್ರೋಸಾಫ್ಟ್ ಹೇಳಿರುವುದರಿಂದ ನಾನು ಅವನ್ನು ಸಲಹೆ ಮಾಡುವುದಿಲ್ಲ. ಯೋಚಿಸಲು ಸಮಯ ಬೇಕಾದರೆ, ಮನೆಬಳಕೆಯವರಿಗಾಗಿಯೇ ಇರುವ ವಿಸ್ತೃತ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿಕೊಳ್ಳಿ. 2026ರ ಅಕ್ಟೋಬರ್ 13ರವರೆಗೆ ತಿದ್ದುಪಡಿ ಕೊಡುವುದಾಗಿ ಅದನ್ನು ಘೋಷಿಸಲಾಗಿತ್ತು. ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಸಿಂಕ್ ಮಾಡುವವರಿಗೆ ಅದಕ್ಕೆ ಹಣವಿಲ್ಲ. ಇದನ್ನು ಗಡುವಿನ ವಿಸ್ತರಣೆ ಎಂದಷ್ಟೇ ತಿಳಿಯಿರಿ.

ನಿಮ್ಮ ಕೆಲಸ ಬ್ರೌಸರ್, ಮೇಲ್, ಬರವಣಿಗೆ, ಲೆಕ್ಕದ ಹಾಳೆ, ವಿಡಿಯೋ ಇಷ್ಟೇ ಆಗಿದ್ದರೆ ನಾನು ಮನಸಾರೆ ಹೇಳುವುದು ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಕೊಳ್ಳಿ ಎಂದು. ಅದರ 22ನೆಯ ಆವೃತ್ತಿಗೆ 2029ರವರೆಗೆ ಬೆಂಬಲವಿದೆ, ನಾಲ್ಕು ಜಿಬಿ ರ‍್ಯಾಮ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಅದನ್ನು ಚಾಲೂ ಮಾಡಿ ಒಂದೆರಡು ದಿನ ಬಳಸಿ ನೋಡಬಹುದು, ಮತ್ತು ಹಾಗೆ ನೋಡಲೇಬೇಕು: ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಪ್ರಿಂಟರ್ ಅಚ್ಚು ಹಾಕುತ್ತದೆಯೇ, ಮುಚ್ಚಿ ತೆರೆದಾಗ ಲ್ಯಾಪ್‌ಟಾಪ್ ಸರಿಯಾಗಿ ಏಳುತ್ತದೆಯೇ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಹೋಯಿತು, ಸ್ಕ್ಯಾನರ್ ಒಂದನ್ನು ಬಿಟ್ಟು; ಅದರ ತಯಾರಕರು ಲಿನಕ್ಸ್‌ಗೆ ಡ್ರೈವರ್ ಕೊಟ್ಟಿರಲಿಲ್ಲ. ಫೋಟೋಶಾಪ್‌ನಂತೆ ಲಿನಕ್ಸ್‌ಗೆ ಆವೃತ್ತಿಯೇ ಇಲ್ಲದ ತಂತ್ರಾಂಶ ನಿಮ್ಮ ಜೀವನೋಪಾಯವಾಗಿದ್ದರೆ ಮಾತ್ರ ಹೊಸ ಕಂಪ್ಯೂಟರಿಗೆ ಹಣ ಹಾಕುವುದು ನ್ಯಾಯ.

ಆ ಸ್ಕ್ಯಾನರಿಗಾಗಿ ವಿಂಡೋಸ್ 10 ಇರುವ ಇನ್ನೊಂದು ಕಂಪ್ಯೂಟರನ್ನು ನಾನು ಉಳಿಸಿಕೊಂಡಿದ್ದೇನೆ. ಅದರ ವೈಫೈಯನ್ನು ಬಯೋಸ್‌ನಲ್ಲೇ ಆಫ್ ಮಾಡಿದ್ದೇನೆ, ನೆಟ್‌ವರ್ಕ್ ಕೇಬಲ್ ಜೋಡಿಸುವುದಿಲ್ಲ. ಚಿತ್ರಗಳನ್ನು ಆ ಕೆಲಸಕ್ಕೆಂದೇ ಮೀಸಲಿಟ್ಟ ಪೆನ್‌ಡ್ರೈವ್‌ನಲ್ಲಿ ಹೊರತರುತ್ತೇನೆ. ಅದರಲ್ಲಿ ಮೇಲ್ ನೋಡುವುದಿಲ್ಲ, ಬ್ಯಾಂಕಿನ ವ್ಯವಹಾರ ಮಾಡುವುದಿಲ್ಲ, ಒಂದೇ ಒಂದು ಪಾಸ್‌ವರ್ಡನ್ನೂ ಇಟ್ಟಿಲ್ಲ.