ಎರಡನೇ ಪರದೆಗೆ ಮಾನಿಟರ್ ತಗೊಳ್ಳಲಾ, ಟಿವಿ ತಗೊಳ್ಳಲಾ?

ಲ್ಯಾಪ್‌ಟಾಪ್ ಪಕ್ಕಕ್ಕೆ ಇನ್ನೊಂದು ಪರದೆ ಬೇಕು, ದಿನವಿಡೀ ಎಕ್ಸೆಲ್ ಕೆಲಸ, ರಾತ್ರಿ ಒಂದು ಸಿನಿಮಾ, ಮಾನಿಟರ್ ದುಡ್ಡಿಗೆ 32 ಇಂಚಿನ ಟಿವಿಯೇ ಬರುತ್ತದಲ್ಲ ಅಂತ ಕೇಳಿದ್ದೀರಿ. ನನ್ನ ಉತ್ತರ: ಮಾನಿಟರ್ ತಗೊಳ್ಳಿ. ಇದೇ ಲೆಕ್ಕ ಹಾಕಿ ನಾನು ಟಿವಿ ತಂದು, ಎಂಟು ತಿಂಗಳು ಅದರ ಮುಂದೆ ಕೂತು ಕೆಲಸ ಮಾಡಿದ್ದೇನೆ. ಸಂಜೆಯಾದರೆ ಕಣ್ಣು ಉರಿಯುತ್ತಿತ್ತು. 6 ಯಾವುದು, 8 ಯಾವುದು ಅಂತ ಬಗ್ಗಿ ನೋಡಬೇಕಾಗುತ್ತಿತ್ತು. ಕನ್ನಡ ಓದುವಾಗ ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತಿದ್ದವು.

ತಪ್ಪು ಟಿವಿಯದ್ದಲ್ಲ. ಅದನ್ನು ಮಾಡಿರುವುದೇ ದೂರದಿಂದ ನೋಡಲು. 32 ಇಂಚಿನ ಎಷ್ಟೋ ಟಿವಿಗಳಲ್ಲಿ ಇರುವುದು 1366×768 ಪಿಕ್ಸೆಲ್. ಪಿಕ್ಸೆಲ್ ಅಂದರೆ ಚಿತ್ರ ಮೂಡಿಸುವ ಪುಟ್ಟ ಚುಕ್ಕಿ. ಲೆಕ್ಕ ಹಾಕಿದರೆ ಒಂದು ಇಂಚಿಗೆ ಸುಮಾರು 49 ಚುಕ್ಕಿ. 24 ಇಂಚಿನ ಫುಲ್ ಎಚ್‌ಡಿ (1920×1080) ಮಾನಿಟರ್‌ನಲ್ಲಿ ಅದೇ ಒಂದು ಇಂಚಿಗೆ ಸುಮಾರು 92. ಸೋಫಾದಲ್ಲಿ ಕೂತಾಗ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಮೇಜಿನ ಮುಂದೆ ಎರಡು ಅಡಿ ದೂರದಲ್ಲಿ ಚೆನ್ನಾಗಿಯೇ ಗೊತ್ತಾಗುತ್ತದೆ. ಪರದೆ ದೊಡ್ಡದಾದರೆ ಜಾಗ ಜಾಸ್ತಿ ಸಿಗುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಎಕ್ಸೆಲ್‌ನಲ್ಲಿ ಎಷ್ಟು ಸಾಲು ಕಾಣುತ್ತದೆ ಅನ್ನುವುದು ಇಂಚಿನ ಮೇಲಲ್ಲ, ಪಿಕ್ಸೆಲ್ ಮೇಲೆ ನಿಂತಿದೆ. ಆ ಟಿವಿಯಲ್ಲಿ ನನಗೆ ಸಾಲುಗಳು ಹೆಚ್ಚಲಿಲ್ಲ, ಅಕ್ಷರ ದಪ್ಪವಾಯಿತು ಅಷ್ಟೇ.

ಬಣ್ಣದ್ದೂ ಒಂದು ತೊಂದರೆ ಇದೆ. ಸಿನಿಮಾ ವಿಡಿಯೋಗಳಲ್ಲಿ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಸೇರಿ ಒಂದೇ ಬಣ್ಣದ ಮಾಹಿತಿ ಇರುತ್ತದೆ. ಇದಕ್ಕೆ 4:2:0 ಅನ್ನುತ್ತಾರೆ. ಚಿತ್ರಕ್ಕೆ ಅಷ್ಟು ಸಾಕು. ಕಂಪ್ಯೂಟರ್‌ನ ಅಕ್ಷರಕ್ಕೆ ಮಾತ್ರ ಪ್ರತಿ ಪಿಕ್ಸೆಲ್‌ಗೂ ಅದರದೇ ಬಣ್ಣ ಬೇಕು, ಅದು 4:4:4. ಕೆಲವು ಟಿವಿಗಳು ಕಂಪ್ಯೂಟರ್‌ನಿಂದ ಬಂದ ಚಿತ್ರದಲ್ಲೂ ಬಣ್ಣದ ವಿವರ ಇಳಿಸಿಬಿಡುತ್ತವೆ. ಆಗ ನೀಲಿ ಹಿನ್ನೆಲೆಯ ಮೇಲಿನ ಕೆಂಪು ಅಕ್ಷರದ ಅಂಚು ಹರಡಿಕೊಳ್ಳುತ್ತದೆ. ಮನೆಯಲ್ಲಿ ಈಗಾಗಲೇ ಟಿವಿ ಇದ್ದರೆ ಅದರ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ ಇನ್‌ಪುಟ್‌ನ (ಲ್ಯಾಪ್‌ಟಾಪ್‌ನ ಕೇಬಲ್ ಚುಚ್ಚುವ ಕಿಂಡಿಯ) ಹೆಸರನ್ನು 'ಪಿಸಿ' ಅಂತ ಬದಲಿಸಿ ನೋಡಿ, ಎಷ್ಟೋ ಟಿವಿಗಳಲ್ಲಿ ಇದೊಂದರಿಂದಲೇ ಅಕ್ಷರ ಸ್ಪಷ್ಟವಾಗುತ್ತದೆ. ಶಾರ್ಪ್‌ನೆಸ್ ಕೂಡ ಇಳಿಸಿ. ಟಾಸ್ಕ್‌ಬಾರ್ ಅರ್ಧ ಕತ್ತರಿಸಿದಂತೆ ಕಂಡರೆ ಓವರ್‌ಸ್ಕ್ಯಾನ್ (ಚಿತ್ರ ಹಿಗ್ಗಿಸಿ ಅಂಚು ಕತ್ತರಿಸುವ ಸೆಟ್ಟಿಂಗ್) ಆಫ್ ಮಾಡಿ.

43 ಇಂಚಿನ 4ಕೆ (3840×2160) ಟಿವಿ ಆದರೆ ಮಾತು ಬೇರೆ. ಅಲ್ಲಿ ಇಂಚಿಗೆ ಸುಮಾರು 102 ಪಿಕ್ಸೆಲ್ ಸಿಗುತ್ತದೆ. ಆದರೆ ಮೇಜು ಆಳವಾಗಿರಬೇಕು, ಇಲ್ಲದಿದ್ದರೆ ಮೂಲೆ ನೋಡಲು ಇಡೀ ದಿನ ಕುತ್ತಿಗೆ ತಿರುಗಿಸುತ್ತಿರಬೇಕು. ಲ್ಯಾಪ್‌ಟಾಪ್‌ನಲ್ಲಿ ಹಳೆಯ ಎಚ್‌ಡಿಎಂಐ 1.4 ಇದ್ದರೆ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತದೆ. ಮೌಸ್ ಎಳೆದಾಗ ತಡವರಿಸುವುದು ಕಣ್ಣಿಗೇ ಕಾಣುತ್ತದೆ. 60 ಸಲ ಬೇಕಾದರೆ ಎರಡೂ ಕಡೆ ಎಚ್‌ಡಿಎಂಐ 2.0 ಅಥವಾ ಅದಕ್ಕಿಂತ ಹೊಸದು ಇರಬೇಕು.

ನಿಮ್ಮ ದಿನದ ಹೆಚ್ಚಿನ ಹೊತ್ತು ಅಂಕಿ ಓದುವುದರಲ್ಲೇ ಹೋಗುತ್ತದೆ. ಹಾಗಾಗಿ 24 ಇಂಚಿನ ಫುಲ್ ಎಚ್‌ಡಿ, ಇಲ್ಲವೇ ದುಡ್ಡು ಸ್ವಲ್ಪ ಹೊಂದಿದರೆ 27 ಇಂಚಿನ 2560×1440 ಮಾನಿಟರ್ ನೋಡಿ. ಎತ್ತರ ಬದಲಿಸುವ ಸ್ಟ್ಯಾಂಡ್ ಇರುವುದನ್ನೇ ಆರಿಸಿ, ದಯವಿಟ್ಟು ಅದರಲ್ಲಿ ಉಳಿಸಲು ಹೋಗಬೇಡಿ. ರಾತ್ರಿಯ ಸಿನಿಮಾ ಅದರಲ್ಲೂ ಚೆನ್ನಾಗಿಯೇ ಕಾಣುತ್ತದೆ. ಸ್ಪೀಕರ್ ಮಾತ್ರ ಇದೆಯೋ ಇಲ್ಲವೋ ಕೇಳಿಕೊಳ್ಳಿ, ತುಂಬ ಮಾನಿಟರ್‌ಗಳಲ್ಲಿ ಇರುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಯುಎಸ್‌ಬಿ-ಸಿ ಮಾತ್ರ ಇದ್ದರೆ ಅದರಿಂದ ವಿಡಿಯೋ ಬರುತ್ತದಾ ಅಂತ ಮೊದಲೇ ಖಚಿತ ಮಾಡಿಕೊಳ್ಳಿ, ಎಲ್ಲದರಲ್ಲೂ ಬರುವುದಿಲ್ಲ. ಮಾಡೆಲ್ ಹೆಸರು ಇಲ್ಲಿ ಬರೆದರೆ ನಾನೂ ನೋಡಿ ಹೇಳುತ್ತೇನೆ.