ಉಳಿದ ಇನ್ನೂರು ಪುಟ

(ಊರು, ವಯಸ್ಸು, ಕೆಲಸದ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರು ನನ್ನ ಹತ್ತಿರ ಕೌನ್ಸೆಲಿಂಗಿಗೆ ಬಂದದ್ದು ನಿದ್ದೆ ಇಲ್ಲ ಅಂತ. ವಯಸ್ಸು 37, ಬದಿಯಡ್ಕ ಕಡೆಯವರು. ಕಾಸರಗೋಡು ಪೇಟೆಯ ಒಂದು ಸೊಸೈಟಿಯ ಕೌಂಟರಿನಲ್ಲಿ ಕೆಲಸ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ. ಬೆಳಿಗ್ಗೆ ಮಕ್ಕಳ ಮೇಲೆ ರೇಗಾಟ. ಎರಡು ಸಲ ಕ್ಯಾಶ್ ಕಡಿಮೆ ಬಂದು ಕೈಯಿಂದ ಹಾಕಿದ್ದರು.

"ಕನ್ನಡದಲ್ಲೇ ಮಾತಾಡ್ಬಹುದಾ ಮೇಡಂ?" ಎಂದು ಮೊದಲು ಕೇಳಿದರು. ಆಫೀಸಿನಲ್ಲಿ ಇಡೀ ದಿನ ಮಲಯಾಳ, ಮನೆಯಲ್ಲಿ ತುಳು. ಕನ್ನಡ ಶಾಲೆಯಲ್ಲಿ ಕಲಿತವರಿಗೆ ಮನಸ್ಸಿನ ಮಾತು ಕನ್ನಡದಲ್ಲಿ ಹೊರಬರುವುದು ಸುಲಭ. ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ನನಗೆ ತುಂಬಾ ಸಲ ಬಂದಿದೆ.

ಊಟ ಸೇರುತ್ತದಾ, ಥೈರಾಯ್ಡ್ ನೋಡಿಸಿದ್ದೀರಾ, ಬದುಕೇ ಬೇಡ ಅನ್ನಿಸಿದ್ದುಂಟಾ ಅಂತೆಲ್ಲ ಕೇಳಿದೆ. ಹಾಗೇನೂ ಇರಲಿಲ್ಲ. ಆದರೂ ರಾತ್ರಿ ಹೊತ್ತು ಮನಸ್ಸು ಕೆಟ್ಟರೆ ಫೋನ್ ಮಾಡಿ ಅಂತ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಟ್ಟೆ.

ಎರಡನೇ ಸಲ ಬಂದಾಗ ಬ್ಯಾಗಿನಿಂದ ನೀರಿನ ಬಾಟಲಿ ತೆಗೆಯಲು ಹೋಗಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಮೇಜಿನ ಮೇಲಿಟ್ಟರು. ಅಂಚು ಸವೆದಿತ್ತು. ನಡುವೆ ಗುರುತಿಗೆ ಒಂದು ಬಸ್ ಟಿಕೆಟ್, ಅದರ ಅಕ್ಷರ ಅಳಿಸಿಹೋಗಿತ್ತು. "ಏಳು ತಿಂಗಳಿಂದ ಅದೇ ಪುಟ. ದಿನಾ ಹೊತ್ತುಕೊಂಡು ಬರ್ತೇನೆ. ಹೇಳ್ಲಿಕ್ಕೆ ನಾಚಿಕೆ ಆಗ್ತದೆ" ಅಂದರು.

ಅದು 'ದಿ ವೀಲ್ ಆಫ್ ಟೈಮ್' ಎಂಬ ಫ್ಯಾಂಟಸಿ ಸರಣಿಯ 14ನೇ ಸಂಪುಟ, ಕೊನೆಯದು. ಅವರ ಅಣ್ಣ ಶಾರ್ಜಾದಲ್ಲಿದ್ದಾರೆ. ಪ್ರತಿ ರಜೆಗೆ ಎರಡೆರಡು ಸಂಪುಟ ತರುತ್ತಿದ್ದರಂತೆ. ಮೊದಲು ಅಣ್ಣ ಓದುವುದು, ಆಮೇಲೆ ತಂಗಿ. ಮದುವೆಯಾಗಿ, ಎರಡು ಬಾಣಂತನ ಕಳೆದು, ಬಸ್ಸಿನಲ್ಲಿ ಸೀಟು ಸಿಕ್ಕಿದ ಮುಕ್ಕಾಲು ಗಂಟೆಯಲ್ಲೇ 13 ಸಂಪುಟ ಮುಗಿಸಿದ್ದರು. ಇದು ಸಣ್ಣ ಸಾಧನೆಯಲ್ಲ ಅಂತ ನಾನು ಬಾಯಿಬಿಟ್ಟು ಹೇಳಿದೆ. ಅವರಿಗೆ ಯಾರೂ ಹಾಗೆ ಹೇಳಿರಲಿಲ್ಲ. ಮನೆಯಲ್ಲಿ ಅದನ್ನು "ಅವಳ ಕಥೆ ಪುಸ್ತಕ" ಎನ್ನುತ್ತಿದ್ದರು, ಅಷ್ಟೇ.

ಆ ದಿನ ನಾನು ಕೊಟ್ಟ ಸಲಹೆ ಸರಿಯಿರಲಿಲ್ಲ. ದಿನಕ್ಕೊಂದು ಅಧ್ಯಾಯ ಓದಿ ಅಂದೆ. ಅವರು ಟಿಕೆಟ್ ಇಟ್ಟ ಜಾಗ ತೆರೆದು ತೋರಿಸಿದರು. ಕೊನೆಯ ಯುದ್ಧದ ಆ ಒಂದು ಅಧ್ಯಾಯವೇ ಇನ್ನೂರು ಪುಟದ ಹತ್ತಿರ ಇದೆ! ಬೆಳಗಿನ ತನಕ ಯಕ್ಷಗಾನದ ಯುದ್ಧ ನೋಡಿ ಬೆಳೆದವರಿಗೆ ಅದು ಹೊಸದಲ್ಲ. ಆದರೆ ಸೊಸೈಟಿಗೆ ಹತ್ತು ಗಂಟೆಗೆ ಮುಟ್ಟಬೇಕಲ್ವಾ.

ಆಗಲೇ ಅಂಚಿನಲ್ಲಿದ್ದ ಪೆನ್ಸಿಲ್ ಬರಹ ಕಂಡಿತು. ಇಂಗ್ಲಿಷ್ ಪುಸ್ತಕದ ಬದಿಯಲ್ಲಿ ಕನ್ನಡ, ಸಣ್ಣ ಅಕ್ಷರ: 'ಇಲ್ಲಿಗೆ ಬಂದಾಗ ಹೇಳು.' ನಾನು ಓದಿದ್ದು ನೋಡಿ ಅವರು ಪುಸ್ತಕ ಮುಚ್ಚಿದರು. ಆಮೇಲೆ ಸುಮಾರು ಹೊತ್ತು ಅತ್ತರು.

ಎರಡು ವರ್ಷದ ಹಿಂದೆ ತಂದೆ ತೀರಿಕೊಂಡರು. ಅಡಿಕೆ ತೋಟದ ಪಾಲಿನ ವಿಷಯದಲ್ಲಿ ಮಾತಿಗೆ ಮಾತು ಬೆಳೆದು, ಅಂದಿನಿಂದ ಅಣ್ಣ ತಂಗಿ ಮಾತಾಡುತ್ತಿಲ್ಲ. ಮುಂದಿನ ಪುಟಗಳಲ್ಲೂ ಅಣ್ಣನ ಪೆನ್ಸಿಲ್ ಬರಹ ಇದೆ ಅಂತ ಅವರಿಗೆ ಗೊತ್ತು. ಓದಿ ಮುಗಿಸಿದರೆ ಅಣ್ಣ ತನಗೆ ಹೇಳಿದ್ದೆಲ್ಲ ಮುಗಿಯುತ್ತದೆ. "ಬರೆದವನೇ ಮುಗಿಸ್ಲಿಲ್ಲ ಮೇಡಂ, ನಾನೊಬ್ಳು ಯಾಕೆ ಮುಗಿಸ್ಬೇಕು?" ಅಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಮನೆಗೆ ಹೋಗಿ ಹುಡುಕಿ ಓದಿದೆ. ಈ ಸರಣಿ ಬರೆಯಲು ಶುರುಮಾಡಿದ ರಾಬರ್ಟ್ ಜೋರ್ಡನ್ ಮೊದಲ ಸಂಪುಟ ಹೊರತಂದದ್ದು 1990ರಲ್ಲಿ. 11 ಸಂಪುಟ ಆದ ಮೇಲೆ, 2007ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಇಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್ಸನ್ ಉಳಿದ ಮೂರು ಸಂಪುಟ ಬರೆದರು. ಕೊನೆಯದು ಬಂದದ್ದು 2013ರಲ್ಲಿ. ಸ್ಯಾಂಡರ್ಸನ್‌ರನ್ನು ಆರಿಸಿದವರು ಜೋರ್ಡನ್ ಅವರ ಹೆಂಡತಿ, ಅವರ ಪುಸ್ತಕಗಳ ಸಂಪಾದಕಿಯೂ ಆಗಿದ್ದ ಹ್ಯಾರಿಯೆಟ್. ಕಟ್ಟಕಡೆಯ ದೃಶ್ಯವನ್ನು ಮಾತ್ರ ಜೋರ್ಡನ್ ಸಾಯುವ ಮೊದಲೇ ಬರೆದಿಟ್ಟಿದ್ದರು. ಮುಂದಿನ ಸಲ ಇದನ್ನು ಹೇಳಿದಾಗ ಅವರು ಸುಮ್ಮನೆ ಕೇಳಿಸಿಕೊಂಡರು. "ಹಾಗಾದ್ರೆ ಕೊನೆ ಅವನದ್ದೇ" ಎಂದಷ್ಟೇ ಹೇಳಿದರು.

ಸಲಹೆಯನ್ನು ಇಬ್ಬರೂ ಕೂತು ಹೊಸದಾಗಿ ಮಾಡಿಕೊಂಡೆವು. ಪುಸ್ತಕ ತಲೆದಿಂಬಿನ ಪಕ್ಕ ಇಡುವುದು ಬೇಡ. ಓದದ ಪುಸ್ತಕ ಕಣ್ಣೆದುರು ಇದ್ದರೆ ಎರಡು ಗಂಟೆಯ ಎಚ್ಚರಕ್ಕೆ ಅದೇ ನೆಪವಾಗುತ್ತದೆ. ಅದರ ಜಾಗ ಬೆಳಗಿನ ಬಸ್ಸು ಮಾತ್ರ. ಸಂಜೆ ಬಸ್ಸಿನಲ್ಲಿ ನಿಲ್ಲಲಿಕ್ಕೇ ಜಾಗ ಇರುವುದಿಲ್ಲ. ದಿನಕ್ಕೆ ಐದು ಪುಟ. ಮಾರ್ಚ್ ಕ್ಲೋಸಿಂಗಿನ ದಿನಗಳಲ್ಲಿ ಒಂದೂ ಬೇಡ, ಓದದ ಪುಟ ಮರುದಿನಕ್ಕೆ ಬಾಕಿ ಅಂತ ಬರೆದುಕೊಳ್ಳುವುದೂ ಬೇಡ. ಪೆನ್ಸಿಲ್ ಬರಹ ಬಂದಲ್ಲಿ, ಮನಸ್ಸಾದರೆ, ಅದರ ಕೆಳಗೆ ತಾವೂ ಪೆನ್ಸಿಲಿನಲ್ಲಿ ಉತ್ತರ ಬರೆಯುವುದು.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ನಿಂತೆ. ತೋಟದ ಮಾತು ವಕೀಲರ ಹತ್ತಿರ, ಹಿರಿಯರ ಹತ್ತಿರ ಆಗಲಿ. ಪುಸ್ತಕದ ನೆಪದಲ್ಲಿ ಅಣ್ಣನಿಗೆ ಮೆಸೇಜ್ ಮಾಡಿ ಅದರೊಳಗೆ ಪಾಲಿನ ಸುದ್ದಿ ತೂರಿಸಬೇಡಿ. ಹಾಗೆಯೇ ಪುಸ್ತಕ ಸಿಕ್ಕಿತು ಅಂತ ನಿಮ್ಮ ಪಾಲು ಬಿಟ್ಟುಕೊಡಲೂ ಬೇಡಿ. ಪ್ರೀತಿ ಮತ್ತು ಜಾಗ ಒಂದೇ ಮಾತಿನಲ್ಲಿ ಸೇರಿದಾಗ ಎರಡೂ ಹಾಳಾಗುವುದನ್ನು ಈ ಕೋಣೆಯಲ್ಲಿ ತುಂಬಾ ನೋಡಿದ್ದೇನೆ.

ನಿದ್ದೆ ಒಂದೇ ಸಲಕ್ಕೆ ಸರಿಯಾಗಲಿಲ್ಲ. ಮೂರು ವಾರ ಕಳೆದ ಮೇಲೆ ನಾಲ್ಕು ಗಂಟೆಯ ತನಕ ನಿದ್ದೆ ಬರತೊಡಗಿತು. ಐದನೇ ಭೇಟಿಯ ಹೊತ್ತಿಗೆ ಅಣ್ಣನಿಗೆ ಒಂದು ಮೆಸೇಜ್ ಕಳಿಸಿದ್ದರು. ಪುಟದ ನಂಬರ್ ಮಾತ್ರ, ಬೇರೇನೂ ಇಲ್ಲ. ಅಣ್ಣ ನೋಡಿದ್ದು ನೀಲಿ ಗುರುತಿನಿಂದ ಗೊತ್ತಾಯಿತು, ಉತ್ತರ ಬರಲಿಲ್ಲ. ಆ ಹನ್ನೊಂದು ದಿನ ಕಷ್ಟದ್ದು. ದಿನಕ್ಕೆ ಎಷ್ಟೋ ಸಲ ಫೋನ್ ತೆಗೆದು ನೋಡುತ್ತಿದ್ದರು. ಇನ್ನೊಂದು ಮೆಸೇಜ್ ಕಳಿಸದಿರಲು ನನ್ನ ಸಹಾಯ ಬೇಕಾಯಿತು.

ಹನ್ನೆರಡನೇ ದಿನ ಉತ್ತರ ಬಂತು. 'ಅದರ ಮುಂದಿನ ಪುಟ ಓದಿದ್ಯಾ?'

ಪಾಲುಪಟ್ಟಿ ಇನ್ನೂ ಆಗಿಲ್ಲ. ಕಳೆದ ವಾರ ಬಂದಾಗ ಪುಸ್ತಕದಲ್ಲಿ ನಲವತ್ತು ಪುಟ ಉಳಿದಿತ್ತು. ಬಸ್ ಟಿಕೆಟಿನ ಜಾಗದಲ್ಲಿ ಒಂದು ಮೋಟು ಪೆನ್ಸಿಲ್ ಇತ್ತು.