ಹಿಮದ ಇಳಿಜಾರಿನಲ್ಲಿ ಸ್ಕೀ ಮೇಲೆ ಜಾರಿ ಇಳಿಯೋ ರೇಸ್‌ಗಳ ಆಲ್ಪೈನ್ ಸ್ಕೀ ವಿಶ್ವಕಪ್‌ನಲ್ಲಿ ಒಟ್ಟಾರೆ ಚಾಂಪಿಯನ್ ಯಾರು ಅಂತ ಹೇಗೆ ನಿರ್ಧಾರವಾಗುತ್ತದೆ?

ಒಂದು ಫೈನಲ್ ಗೆದ್ದು ಕಪ್ ಎತ್ತುವ ಟೂರ್ನಿ ಇದಲ್ಲ. 1967ರಿಂದ ಪ್ರತಿ ಚಳಿಗಾಲ ನಡೆಯುತ್ತಿರುವ ರೇಸ್‌ಗಳ ಸರಣಿ ಇದು. ಸಾಮಾನ್ಯವಾಗಿ ಅಕ್ಟೋಬರ್ ಕೊನೆಗೆ ಆಸ್ಟ್ರಿಯಾದ ಸೋಲ್ಡನ್‌ನಲ್ಲಿ ಶುರುವಾಗಿ, ಬೆಟ್ಟದಿಂದ ಬೆಟ್ಟಕ್ಕೆ ಸಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ. ಗೆದ್ದವರಿಗೆ 100 ಅಂಕ, ಎರಡನೆಯವರಿಗೆ 80, ಮೂರನೆಯವರಿಗೆ 60, ಹೀಗೇ ಇಳಿದು 30ನೆಯವರಿಗೆ 1. ಮಾರ್ಚ್‌ನ ಕೊನೇ ರೇಸ್‌ಗಳಿಗೆ ಫೈನಲ್ಸ್ ಅಂತ ಹೆಸರಿದ್ರೂ ಅಲ್ಲಿ ಸಿಗೋದೂ ಅಂಕಗಳೇ, ಅದೂ ಮೊದಲ 15 ಜನಕ್ಕೆ ಮಾತ್ರ. ಒಟ್ಟು ಅಂಕ ಜಾಸ್ತಿ ಇದ್ದವರಿಗೆ ದೊಡ್ಡ ಕ್ರಿಸ್ಟಲ್ ಗ್ಲೋಬ್ ಅನ್ನೋ ಟ್ರೋಫಿ. ಡೌನ್‌ಹಿಲ್, ಸೂಪರ್-ಜಿ, ಜಯಂಟ್ ಸ್ಲಾಲಮ್, ಸ್ಲಾಲಮ್ ಅನ್ನೋ ನಾಲ್ಕು ಬಗೆಯ ರೇಸ್‌ಗಳಿಗೆ ಒಂದೊಂದು ಚಿಕ್ಕದು.

ಡೌನ್‌ಹಿಲ್‌ನಲ್ಲಿ ಒಂದೇ ಓಟ. ಆಸ್ಟ್ರಿಯಾದ ಕಿಟ್ಸ್‌ಬ್ಯೂಹೆಲ್‌ನ ಸ್ಟ್ರೈಫ್ ಇಳಿಜಾರನ್ನು ನೋಡಿ: ಸುಮಾರು 3.3 ಕಿ.ಮೀ. ದೂರವನ್ನು ಎರಡು ನಿಮಿಷದೊಳಗೆ ಇಳಿಯುತ್ತಾರೆ, ಶುರುವಾದ ಕೆಲವೇ ಸೆಕೆಂಡಿಗೆ ಮೌಸ್‌ಫಾಲೆ ಅನ್ನೋ ಜಾಗದಲ್ಲಿ ಗಾಳಿಗೆ ಹಾರುತ್ತಾರೆ. ಸ್ಲಾಲಮ್ ಬೇರೆಯದೇ ಆಟ, ಹತ್ತಿರ ಹತ್ತಿರ ನೆಟ್ಟ ಕಂಬಗಳನ್ನು ಸುತ್ತುತ್ತಾ ಇಳಿಯಬೇಕು. ಅಲ್ಲಿ ಎರಡು ಓಟ. ಮೊದಲನೆಯದರಲ್ಲಿ 30ನೇ ಸ್ಥಾನ ಬಂದವರು ಎರಡನೇ ಓಟದಲ್ಲಿ ಎಲ್ಲರಿಗಿಂತ ಮೊದಲು ಇಳಿಯುತ್ತಾರೆ, ಮುಂದಿದ್ದವರು ಕೊನೆಗೆ. ಅಷ್ಟೊತ್ತಿಗೆ ಕಂಬಗಳ ಸುತ್ತ ಹಿಮ ಕೊರೆದು ಗುಂಡಿ ಬಿದ್ದಿರುತ್ತದೆ. ನನಗಂತೂ ಸ್ಲಾಲಮ್ ನೋಡಬೇಕು ಅನಿಸೋದು ಇದಕ್ಕೇ!

ಆಸ್ಟ್ರಿಯಾದ ಮಾರ್ಸೆಲ್ ಹಿರ್ಷರ್ 2012ರಿಂದ 2019ರವರೆಗೆ ಸತತ 8 ಸಲ ದೊಡ್ಡ ಗ್ಲೋಬ್ ಗೆದ್ದರು. ಅಮೆರಿಕದ ಮಿಕೇಲಾ ಶಿಫ್ರಿನ್ 2025ರ ಫೆಬ್ರವರಿಯಲ್ಲಿ 100ನೇ ರೇಸ್ ಗೆದ್ದರು. ಅವರಿಗಿಂತ ಮೊದಲು ಬಹಳ ಕಾಲ ಯಾರೂ ಮುಟ್ಟದ ದಾಖಲೆ ಸ್ವೀಡನ್ನಿನ ಸ್ಟೆನ್‌ಮಾರ್ಕ್ ಅವರದಿತ್ತು, 86 ಗೆಲುವು.